ಪದ್ಮಲತೆಯ ಗುಂಡು ಮುಖ

ಸಿದ್ಧಕಟ್ಟೆಯ ಅನಂತಮತಿಯಮ್ಮ ಗಟ್ಟಿಗಿತ್ತಿ ಎಂದೇ ಹೆಸರು. ಅಂಗಳದಲ್ಲಿ ಹಾವು ಕಂಡರೂ ಕೂಗಿದವರಲ್ಲ. ಆದರೆ ೧೯೬೪ರಲ್ಲಿ, ಕಾಲಿನ ಕಜ್ಜಿ ಒಣಗಿ ಎರಡೇ ವಾರಕ್ಕೆ, ಎಂಟು ವರ್ಷದ ಮಗಳು ಪದ್ಮಲತೆಗೆ ಕಾಫಿ ಬಣ್ಣದ ಮೂತ್ರ ಹೋದಾಗ ಅವರು ಕೂಗಿಯೇಬಿಟ್ಟರು. ಮಗುವಿನ ಕಣ್ಣು ಬಾತು ಮುಚ್ಚಿಹೋಗಿತ್ತು, ಕಾಲೂ ಬಾತಿತ್ತು.

ಮೂಡುಬಿದಿರೆಯ ಡಾಕ್ಟರು ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಕಾಯಿಸಿದರು. ಅದು ಹಾಲಿನಂತೆ ಒಡೆಯಿತು.

"ಕಜ್ಜಿಯ ನಂಜು ಮೂತ್ರಪಿಂಡಕ್ಕೆ ಬಡಿದಿದೆ. ಹೆಚ್ಚಿನ ಮಕ್ಕಳಿಗೆ ತಾನಾಗಿ ಗುಣ ಆಗ್ತದೆ, ನೋಡುವ," ಎಂದರು.

ಒಂದು ತಿಂಗಳು ನೋಡಿದ್ದಾಯಿತು, ಗುಣವಾಗಲಿಲ್ಲ. ಆಗ ಸ್ಟಿರಾಯ್ಡ್ ಎಂಬ ಹೊಸ ಮಾತ್ರೆ ಬಂತು. "ಉಪ್ಪು ಕೊಡ್ಬೇಡಿ. ನಾನು ಹೇಳದೆ ಮಾತ್ರೆ ನಿಲ್ಲಿಸ್ಬೇಡಿ."

"ಅಮ್ಮಾ, ನನ್ನದು ಯಾವ ವ್ರತ?" ಎಂದು ಮಗು ಸಪ್ಪೆ ಗಂಜಿಯ ಮುಂದೆ ಅಳುತ್ತಿತ್ತು. ಅನಂತಮತಿಯಮ್ಮ ತಾವೂ ಉಪ್ಪು ಬಿಟ್ಟರು.

ಕಾಲಿನ ಬಾವು ಇಳಿಯಿತು. ಆದರೆ ಮಾತ್ರೆ ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ಮುಖ ಮಾತ್ರ ಮತ್ತೆ ಉಬ್ಬಿತು. ನೆರೆಯ ಸೇಸಮ್ಮ ಕೆನ್ನೆ ಒತ್ತಿ ನೋಡಿ, "ಪುನಃ ನೀರು ತುಂಬಿದೆಯಲ್ಲ ಅಮ್ಮ! ಆ ಮದ್ದು ಇವಳಿಗೆ ಹಿಡಿಸುವುದಿಲ್ಲ ಅಂತ ಕಾಣ್ತದೆ," ಎಂದರು. ಹೇಳುವವರಿಗೇನು, ಹೇಳಿ ಮನೆಗೆ ಹೋದರು. ಅನಂತಮತಿಯಮ್ಮನಿಗೆ ಮಾತ್ರೆ ಕೊಟ್ಟರೆ ಭಯ, ಕೊಡದಿದ್ದರೂ ಭಯ. ಕೊನೆಗೆ ಮಾತ್ರೆಯ ಬಾಟಲಿಯನ್ನು ಯಾರಿಗೂ ಹೇಳದೆ ಅಕ್ಕಿ ಡಬ್ಬದೊಳಗೆ ಹುಗಿದಿಟ್ಟರು.

ಮೂರನೆಯ ಬೆಳಿಗ್ಗೆ ಮಗು ವಾಂತಿ ಮಾಡಿ ಕುಸಿಯಿತು. ಮೈಯೆಲ್ಲ ತಣ್ಣನೆ ಬೆವರು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಹಾಕಿಕೊಂಡು, ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಲೇ ಮೂಡುಬಿದಿರೆ ಮುಟ್ಟಿದರು.

ಡಾಕ್ಟರು ಇಂಜೆಕ್ಷನ್ ಚುಚ್ಚಿ, "ಮಾತ್ರೆ ನಿಲ್ಲಿಸಿದ್ರಾ?" ಎಂದರು.

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಮಗುವನ್ನು ನೋಡಿ ನುಂಗಿಕೊಂಡರು. "ಹೌದು. ಮುಖ ಬಾತಿತ್ತಲ್ಲ..."

"ಅದು ರೋಗದ ಬಾವಲ್ಲಮ್ಮ, ಮಾತ್ರೆಯಿಂದ ಬಂದದ್ದು. ನಾನು ಮೊದಲೇ ಹೇಳಬೇಕಿತ್ತು. ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ."

ಮಗು ಚೇತರಿಸಿಕೊಂಡ ಮೇಲೆ ಮೂತ್ರವನ್ನು ಮತ್ತೆ ಕಾಯಿಸಿದರು. ಈ ಸಲ ಒಡೆಯಲಿಲ್ಲ, ತಿಳಿನೀರು. ಮದ್ದು ತನ್ನ ಕೆಲಸ ಮಾಡಿಯಾಗಿತ್ತು. ಅಂಥ ಮಗುವನ್ನು ಅನಂತಮತಿಯಮ್ಮ ತಾವೇ ಸಾವಿನ ಬಾಯಿಗೆ ದೂಡಿದ್ದರು.

ಅಂದಿನಿಂದ ಡಾಕ್ಟರು ಹೇಳಿದಂತೆ ಅರ್ಧ, ಕಾಲು ಎಂದು ಮಾತ್ರೆ ಕಡಿಮೆಯಾಗುತ್ತ ಬಂತು. ಪ್ರತಿ ಬೆಳಿಗ್ಗೆ ಅವರು ಮಗಳ ಕೆನ್ನೆ ಮುಟ್ಟಿ ನೋಡುತ್ತಿದ್ದರು.

ನಾಲ್ಕು ತಿಂಗಳ ಮೇಲೆ ಮಾತ್ರೆ ಪೂರ್ತಿ ನಿಂತು, ಮುಖದ ಉಬ್ಬೂ ಇಳಿದಿತ್ತು. ಸೇಸಮ್ಮ ಬಂದವರು, "ಅಯ್ಯೋ, ಮಗು ಎಷ್ಟು ಸೊರಗಿದೆ! ಕೆನ್ನೆಯೇ ಇಲ್ಲ," ಎಂದರು.

ಅನಂತಮತಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ, ಅಕ್ಕಿ ಡಬ್ಬಕ್ಕೆ ಒರಗಿ ಕುಳಿತು ಮನದಣಿಯೆ ಅತ್ತರು.