ಮೊಳೆಗೆ ಹಾಕದ ಬಿಲ್ಲೆ

ಕೊಡಿಗೇಹಳ್ಳಿಯ ಬಾಡಿಗೆ ಮನೆ ಖಾಲಿ ಮಾಡುವಾಗ ಡ್ರಾಯರಿನಲ್ಲಿ ಒಂದು ಹಿತ್ತಾಳೆ ಬಿಲ್ಲೆ ಸಿಕ್ಕಿತು. ಮೂಗಿಗೆ ಹಿಡಿದರೆ ಇನ್ನೂ ಮೆಷಿನ್ ಎಣ್ಣೆಯ ವಾಸನೆ. ಸಾಮಾನು ಕಟ್ಟುವುದನ್ನು ಬಿಟ್ಟು ರೂಮಿನಲ್ಲಿ ಶತಪಥ ಹಾಕತೊಡಗಿದೆ.

ಜಾಲಹಳ್ಳಿಯ ಕ್ವಾರ್ಟರ್ಸ್‌ನಲ್ಲಿ ಪಕ್ಕದ ಮನೆಯಲ್ಲಿದ್ದ ಅಂಕಲ್ ಕೊಟ್ಟಿದ್ದು ಅದು. ಅವರ ಕಾರ್ಖಾನೆಯ ಸ್ಟೋರಿನಿಂದ ಯಾವ ಹತ್ಯಾರು ತೆಗೆದರೂ ಅದು ನೇತಾಡುತ್ತಿದ್ದ ಮೊಳೆಗೆ ತಮ್ಮ ನಂಬರಿನ ಬಿಲ್ಲೆ ನೇತುಹಾಕಬೇಕಿತ್ತಂತೆ. ಯಾರು ಏನು ತೆಗೆದರು ಅಂತ ಮುಂದಿನವರಿಗೆ ಗೊತ್ತಾಗಲಿ ಅಂತ.

ಆಗ ನಾನು ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದೆ. ಯಂತ್ರಗಳಿಗೆ ಪ್ರೋಗ್ರಾಂ ಬರೆದು ಪಳಗಿದ್ದ ಅಂಕಲ್ ನನಗೊಂದು ಪರೀಕ್ಷೆ ಇಟ್ಟರು. ಒಂದು ಪದ ಎಷ್ಟುದ್ದ ಎಂದು ಎಣಿಸುವ ಫಂಕ್ಷನ್, ಸಿ ಭಾಷೆಯ ಪ್ರೋಗ್ರಾಮಿನ ನಡುವೆಯೇ, ಯಂತ್ರಕ್ಕೆ ನೇರವಾಗಿ ಹೇಳುವ ಅಸೆಂಬ್ಲಿ ಭಾಷೆಯಲ್ಲಿ ಬರೆಯಬೇಕು. ಗೆದ್ದರೆ ಯಶವಂತಪುರದಲ್ಲಿ ಸಣ್ಣ ಕಂಪನಿ ನಡೆಸುವ ಸ್ನೇಹಿತರಿಗೆ ನನ್ನ ಹೆಸರು ಹೇಳುತ್ತಾರೆ.

ಬರೆದೆ. ಮೊದಲ ಸಲ ಸರಿಯಾಗಿ ಎಣಿಸಿತು. ಅದೇ ಪದವನ್ನು ಎರಡನೇ ಸಲ ಕೊಟ್ಟರೆ ಬಾಯಿಗೆ ಬಂದ ಸಂಖ್ಯೆ! ಅಂಕಲ್ ನಕ್ಕು ಬಿಲ್ಲೆಯನ್ನು ನನ್ನ ಕೈಗಿಟ್ಟರು.

"ಉತ್ತರ ಇದ್ರಲ್ಲೇ ಇದೆ ಕಣಮ್ಮ. ನಿಧಾನಕ್ಕೆ ಯೋಚ್ನೆ ಮಾಡು."

ನಿಧಾನ ನನ್ನ ಜಾತಕದಲ್ಲೇ ಇರಲಿಲ್ಲ. ಅದು ಇದು ಕೆದಕಿ, ಕೊನೆಗೆ, ಬರೆದದ್ದನ್ನು ಯಂತ್ರಕ್ಕೆ ಅನುವಾದಿಸುವ ಕಂಪೈಲರ್ ವೇಗಕ್ಕಾಗಿ ಮಾಡುವ ಆಪ್ಟಿಮೈಸೇಶನ್ ಆಫ್ ಮಾಡಿದೆ. ಸಂಖ್ಯೆ ಸರಿ ಬಂತು. ಯಾಕೆ ಬಂತೋ, ದೇವರಾಣೆ ಗೊತ್ತಿರಲಿಲ್ಲ.

"ತಪ್ಪು ಸಿಕ್ತು ಅಂಕಲ್" ಅಂದುಬಿಟ್ಟೆ.

ಅವರು ಕೋಡ್ ನೋಡಲೇ ಇಲ್ಲ. ನನ್ನೆದುರೇ ಸ್ನೇಹಿತರಿಗೆ ಫೋನ್ ಮಾಡಿದರು. "ಪಕ್ಕದ್ಮನೆ ಹುಡ್ಗಿ ಕಣಯ್ಯ. ಮಾಡಿದ್ದನ್ನ ಮುಚ್ಚಿಡೋಳಲ್ಲ, ನಾನ್ ಗ್ಯಾರಂಟಿ."

ನಾನು ಅವರ ಮನೆಯ ನೆಲದ ರೆಡ್ ಆಕ್ಸೈಡ್ ನೋಡುತ್ತಾ ನಿಂತಿದ್ದೆ.

ಕೆಲಸ ಸಿಕ್ಕಿತು. ಪ್ರತಿ ಹಬ್ಬಕ್ಕೂ ಈ ಸಲ ಹೇಳಿಬಿಡೋಣ ಅಂದುಕೊಳ್ಳುತ್ತಿದ್ದೆ. ಅವರು ಹೋಳಿಗೆ ಬಡಿಸುತ್ತಿದ್ದರು, ನಾನು ತಿಂದು ಬರುತ್ತಿದ್ದೆ... ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು.

ಇವತ್ತು ರಟ್ಟಿನ ಡಬ್ಬದ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಅದನ್ನೇ ಮತ್ತೆ ಬರೆದೆ. ಆಪ್ಟಿಮೈಸೇಶನ್ ಆನ್. ಎರಡನೇ ಸಲ ಅದೇ ಹುಚ್ಚು ಸಂಖ್ಯೆ. ಪದ ಎಲ್ಲಿದೆ ಎಂದು ತೋರಿಸುವ, ಪ್ರೊಸೆಸರಿನೊಳಗಿನ ರಿಜಿಸ್ಟರನ್ನು ನನ್ನ ಅಸೆಂಬ್ಲಿ ಮುಂದಕ್ಕೆ ತಳ್ಳಿತ್ತು, ಕಂಪೈಲರಿಗೆ ಹೇಳಿರಲಿಲ್ಲ; ಹತ್ಯಾರು ತೆಗೆದು ಬಿಲ್ಲೆ ಹಾಕದ ಹಾಗೆ. ಕಂಪೈಲರ್ ನನ್ನನ್ನು ನಂಬಿ, ಅದು ಹಳೆಯ ಜಾಗವನ್ನೇ ತೋರಿಸುತ್ತಿದೆ ಎಂದುಕೊಂಡಿತ್ತು. 'ಇದು ಬದಲಾಗುತ್ತದೆ' ಎನ್ನುವ ಒಂದು ಪ್ಲಸ್ ಗುರುತು ಸೇರಿಸಿದೆ. ಅಷ್ಟೇ. ಎರಡೂ ಸಲ ಸರಿ ಬಂತು.

ಕ್ಯಾಲೆಂಡರ್ ತೆಗೆದ ಮೊಳೆ ಗೋಡೆಯಲ್ಲಿ ಹಾಗೇ ಇತ್ತು. ಬಿಲ್ಲೆಯನ್ನು ಅದಕ್ಕೆ ನೇತುಹಾಕಿದೆ.

"ಅವತ್ತು ಸುಳ್ಳು ಹೇಳಿದ್ದೆ ಅಂಕಲ್" ಅಂದೆ, ಜೋರಾಗಿಯೇ.

ಖಾಲಿ ಮನೆ. ಕೆಳಗೆ ಲಾರಿಯವರು ಹಾರ್ನ್ ಹೊಡೆಯುತ್ತಿದ್ದರು.