ಲಾರಿಯ ಹಲಗೆಯ ಮೇಲೆ ಎಮ್ಮೆಯ ಸುದ್ದಿ

ಅಕ್ಕ ಮದುವೆಯಾಗಿ ನಿಪ್ಪಾಣಿಗೆ ಹೋದ ವರ್ಷ ನಾನು ಪಿಯುಸಿ ಓದುತ್ತಿದ್ದೆ. ಯಶವಂತಪುರದಲ್ಲಿ ನಮ್ಮ ಮನೆಯ ಮುಂದಿನ ಹೆದ್ದಾರಿಯೇ ತುಮಕೂರು, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ದಾಟಿ, ಇನ್ನೇನು ರಾಜ್ಯ ಮುಗಿಯಿತು ಎನ್ನುವಾಗ ಅವಳ ಅತ್ತೆಮನೆಯ ಮುಂದೆಯೂ ಹಾಯುತ್ತಿತ್ತು. ಆದರೆ ಅವಳ ಕಾರ್ಡುಗಳಲ್ಲಿ ‘ನಾನು ಕ್ಷೇಮ’ ಎಂಬುದರ ಆಚೆಗೆ ಏನೂ ಇರುತ್ತಿರಲಿಲ್ಲ. ಊಟದ ನಡುವೆ ನಕ್ಕು ನೆತ್ತಿಗೇರಿಸಿಕೊಳ್ಳುತ್ತಿದ್ದವಳು ಅವಳು. ಅಲ್ಲಿಯೂ ನಗುತ್ತಾಳೋ ಇಲ್ಲವೋ, ನನಗೆ ಅಷ್ಟು ಗೊತ್ತಾಗಬೇಕಿತ್ತು.

ಪಕ್ಕದ ಮನೆಯ ಚಾಚಾ ಲಾರಿ ಓಡಿಸುತ್ತಿದ್ದರು. ಅವರು ಹೊಗೆಸೊಪ್ಪು ತುಂಬಿಸುವ ಗೋದಾಮು ಅಕ್ಕನ ಮನೆಯ ಎದುರಿಗೇ ಎಂದು ತಿಳಿದಾಗ ಡೈರಿಯಲ್ಲಿ ಆ ದಿನದ ತಾರೀಕಿನಡಿ ಎರಡೆರಡು ಗೆರೆ ಎಳೆದೆ. ಅದೇ ವಾರ ನಮ್ಮ ಎಮ್ಮೆ ಈಯಿತು. ಸುಣ್ಣಕ್ಕೆ ಗೋಂದು ಕಲಸಿ, ಲಾರಿಯ ಹಿಂಬದಿಯ ಹಲಗೆಯ ಮೇಲೆ ತಾರೀಕಿನ ಸಮೇತ ಬರೆದೆ: ‘ಅಕ್ಕಾ, ನಮ್ಮ ಎಮ್ಮೆ ಕರು ಹಾಕಿತು.’ ಚಾಚಾಗೆ ಕನ್ನಡ ಓದಲು ಬರುತ್ತಿರಲಿಲ್ಲ. ದೃಷ್ಟಿ ತಾಗದ ಹಾಗೆ ಏನೋ ಬರೆದಿದ್ದಾಳೆ ಎಂದುಕೊಂಡು ಹೊರಟರು.

ಮುಂದಿನ ವಾರ ಹಿಂತಿರುಗಿದವರು ಇಳಿಯುತ್ತಲೇ ಕೇಳಿದರು.

“ಏನ್ ಬರ್ದಿದ್ಯಮ್ಮಾ ತಾಯಿ? ಟೀಗೆ ನಿಲ್ಸಿದ್ ಕಡೆಯೆಲ್ಲಾ ಜನ ನನ್ನತ್ರ ಗಿಣ್ಣು ಕೇಳ್ತಾರೆ.”

ಓಡಿಹೋಗಿ ನೋಡಿದೆ. ಹಲಗೆಯ ತುಂಬ ಸೀಮೆಸುಣ್ಣ, ಇದ್ದಿಲು, ಒಂದು ಮೂಲೆಯಲ್ಲಿ ಗ್ರೀಸು. ಶಿರಾದವರು ಶುಭ ಹಾರೈಸಿದ್ದರು. ದಾವಣಗೆರೆಯವರಿಗೆ ಗಿಣ್ಣು ಬೇಕಿತ್ತು. ‘ಹಾಲು ಎಷ್ಟ್ ಕೊಡ್ತೈತ್ರಿ?’ ಎಂದಿತ್ತು ಹುಬ್ಬಳ್ಳಿ. ಮರಾಠಿಯಲ್ಲಿ ಬರೆದದ್ದು ಅರ್ಥವಾಗಲಿಲ್ಲ, ಆದರೆ ಪಕ್ಕದಲ್ಲಿ ಕೋಡಿನ ಚಿತ್ರವಿತ್ತು. ಗಂಡೋ ಹೆಣ್ಣೋ ಎಂದು ಊರೂರೂ ಕೇಳಿತ್ತು. ತಾರೀಕು ಹಾಕಿದ ನಾನು ಅದನ್ನೇ ಬಿಟ್ಟಿದ್ದೆ! ಗಟ್ಟಿಯಾಗಿ ಓದುತ್ತಾ ಹೋದಂತೆ ಅಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕಳು, ಚಾಚಾನ ಹೆಂಡತಿ ಕಟ್ಟೆಯ ಮೇಲೆ ಕುಸಿದು ಕೂತರು.

ಅಕ್ಕನ ಅಕ್ಷರ ಮಾತ್ರ ಎಲ್ಲೂ ಇರಲಿಲ್ಲ. ನನ್ನ ನಗು ಅಲ್ಲಿಗೇ ನಿಂತಿತು. ಚಾಚಾರನ್ನು ಕೇಳಿದರೆ, ಸರಕು ತುಂಬುವಾಗ ಸೀಟಿನಲ್ಲಿ ಮಲಗಿದ್ದೆ ಎಂದರು. ಮನೆಗೆ ತಂದಿದ್ದ ಈರುಳ್ಳಿ ಮೂಟೆ ಇಳಿಸಲು ಅವರು ಕೊಂಡಿ ಕಳಚಿದರು. ಹಲಗೆ ಕೆಳಗೆ ಜೋತುಬಿದ್ದು ಅದರ ಒಳಮೈ ಕಾಣಿಸಿತು. ಗೋದಾಮಿನ ಮುಂದೆ ಸರಕು ತುಂಬುವಾಗಲೂ ಅದು ಹೀಗೆಯೇ ಜೋತಾಡುತ್ತಿದ್ದಿರಬೇಕು. ಅಲ್ಲಿ, ಕಲಸಿದ ಕುಂಕುಮದಲ್ಲಿ, ಬಲಕ್ಕೆ ವಾಲುವ ಅಕ್ಕನ ಅಕ್ಷರಗಳು:

‘ಕತ್ತೆ, ತಾರೀಕು ಯಾರಿಗೆ ಬೇಕು? ಗಂಡೋ ಹೆಣ್ಣೋ? ನಾನು ನಗೋದನ್ನ ನೋಡಿ ಅತ್ತೆಗೂ ನಕ್ಕು ನೆತ್ತಿಗೇರಿತು.’

ನಾನು ಅಲ್ಲಿಂದಲೇ ಸುಣ್ಣ ಕಲಸಲು ಓಡಿದೆ. ಆ ಸಂಜೆ ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಪದ ಬರೆದೆ: ‘ಹೆಣ್ಣು.’