ಕಡಲಿಗೆ ಒಗೆದ ಕಲ್ಲು

ನೀರು ತಾನಾಗಿಯೇ ನನ್ನ ಕಡೆ ನಡೆದು ಬಂದದ್ದನ್ನು ಮೊದಲ ಸಲ ನೋಡಿದಾಗ ನಾನು ಹಿಂದಕ್ಕೆ ಸರಿದೆ. ನಮ್ಮ ಹೂವಿನ ಹಿಪ್ಪರಗಿಯಲ್ಲಿ ನೀರಿದ್ದಲ್ಲಿಗೆ ನಾವು ಹೋಗಬೇಕು. ಅದು ಬಾವಿಯೊಳಗೆ ತನ್ನಷ್ಟಕ್ಕೆ ತಾನು ಇರುತ್ತದೆ. ಇಲ್ಲಿ, ಮೂಲ್ಕಿ ಹತ್ತಿರದ ಈ ಕಡಲೂರಿನಲ್ಲಿ, ಅದು ಕರೆಯದೆ ಬಂದು ಕಾಲು ಮುಟ್ಟಿತು. ಹೋಗುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಯಿತು. ಕರೆಯದೆ ಬಂದು ಕಾಲು ಮುಟ್ಟುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಬಗ್ಗಿ ಒಂದು ಕಲ್ಲು ಎತ್ತಿ ಕಡಲಿಗೆ ಒಗೆದೆ.

ಯಾಕೆಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ನಿಮಗೆ ಹೇಳಬೇಕಾಗಿಲ್ಲ. ಬಾವಿಗೆ ಹಾರುವ ಮುಂಚೆ ಒಂದು ಕಲ್ಲು ಒಗೆಯಬೇಕು. ಹಾವಿದ್ದರೆ ಸರಿಯುತ್ತದೆ, ನೀರೆಷ್ಟಿದೆ ಎಂದು ಸಪ್ಪಳದಲ್ಲೇ ತಿಳಿಯುತ್ತದೆ. ನನಗೆ ಈಜು ಕಲಿಸಿದವರು ಅಪ್ಪನ ತಮ್ಮ, ಶಾಮಕಾಕಾ. "ಕಲ್ಲ ಬಿದ್ದಲ್ಲೇ ಕಣ್ಣಿಡು ತಂಗಿ, ಅಲ್ಲೇ ಹಾರು. ಕಾಲ ಜೋಡಿಸ್ಕೋ, ಮುದುಡ್ಕೋ," ಎನ್ನುತ್ತಿದ್ದರು. ಆ ಮಾತು ನನ್ನ ಮೈಯೊಳಗೆ ಇಳಿದುಬಿಟ್ಟಿತ್ತು.

ಸರಕಾರಿ ಪ್ರೌಢಶಾಲೆಗೆ ದೈಹಿಕ ಶಿಕ್ಷಕಿಯಾಗಿ ಬಂದವಳಿಗೆ ಸಿಕ್ಕಿದ್ದು ಜಲಜಕ್ಕ ಎಂಬ ಮೀನುಗಾರರ ಮನೆಯ ಮಾಳಿಗೆಯ ಕೋಣೆ. ನಾನು ಈರುಳ್ಳಿಯನ್ನೂ ವಾರ ನೋಡಿ ತಿನ್ನುವ ವೈಷ್ಣವರ ಮನೆಯವಳು. ಕೆಳಗೆ ಅಂಗಳದ ತುಂಬ ಒಣಮೀನು. ಜಲಜಕ್ಕ ಒಂದು ದಿನ ಬಟ್ಟಲಲ್ಲಿ ಸೌತೆಕಾಯಿ ಹುಳಿ ತಂದುಕೊಟ್ಟು, "ಇದರಲ್ಲಿ ಮೀನು ಇಲ್ಲ ಟೀಚರ್," ಎಂದರು. ಕೇಳದೆಯೇ ಇಲ್ಲ ಎಂದದ್ದಕ್ಕೆ ಚಮಚ ಹಾಕಿ ತಳದವರೆಗೂ ಕದಡಿ ನೋಡಿದೆ. ಇರಲಿಲ್ಲ. ಕುಚ್ಚಲಕ್ಕಿ, ಅಂದರೆ ಇವರು ಉಣ್ಣುವ ಕೆಂಪಗಿನ ದಪ್ಪ ಅನ್ನ, ಗಂಟಲಲ್ಲಿ ಇಳಿಯಲು ಬಹಳ ದಿನ ಬೇಕಾಯಿತು. ಜೋಳದ ರೊಟ್ಟಿ ನೆನೆಸಿಕೊಂಡು ಅತ್ತದ್ದೂ ಉಂಟು. ಮನೆಗೆ ಫೋನ್ ಮಾಡಿದಾಗ ಮಾತ್ರ ಊಟ ಛಲೋ ಐತಿ ಎನ್ನುತ್ತಿದ್ದೆ.

ಊಟಕ್ಕಿಂತ ಮಾತು ಕಷ್ಟ. ನಮ್ಮ ಕಡೆ ಬೈಯುವುದಿದ್ದರೆ ಎದುರಿಗೇ ಬೈಯುತ್ತಾರೆ. ಇಲ್ಲಿ ಎಲ್ಲರೂ ಮೆತ್ತಗೆ ಮಾತಾಡುತ್ತಾರೆ, ನಾನು ಬಂದ ಕೂಡಲೇ ಕನ್ನಡ ಬಿಟ್ಟು ತುಳುವಿಗೆ ಹೊರಳುತ್ತಾರೆ. ಅದರಲ್ಲಿ ನನಗೆ ಬೇಗ ತಿಳಿದ ಪದ 'ಗಟ್ಟದಾಕುಲು'. ಘಟ್ಟದ ಮೇಲಿನವರು ಎಂದರ್ಥ. ನಾನು ಹಿಂದಿರುಗಿ ನೋಡಿದರೆ ನಗುತ್ತಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು ನಾನೂ ನಕ್ಕು ಮುಂದೆ ಹೋಗುತ್ತಿದ್ದೆ.

ಸರ್ಫಿಂಗ್ ಕಲಿಸುತ್ತಿದ್ದವರು ಜಲಜಕ್ಕನ ಮಗ ಲೋಕೇಶಣ್ಣ. ಶಾಲೆಯ ಮಕ್ಕಳ ಜೊತೆ ದಂಡೆಗೆ ಹೋದವಳು ನಾನೂ ಬೋರ್ಡು ಹಿಡಿದೆ. ನೀರಿಗಿಳಿಯುವ ಮುಂಚೆ ದಿನವೂ ಒಂದು ಕಲ್ಲು ಒಗೆಯುವುದನ್ನು ಮಾತ್ರ ಬಿಡಲಿಲ್ಲ. ಬೋರ್ಡಿನ ಮೇಲೆ ನಿಲ್ಲುವುದು, ಅಲೆಯ ಮೇಲೆ ಅಡ್ಡ ಓಡುವುದು, ಏರಿ ಇಳಿಯುವುದು, ಎಲ್ಲ ಒಂದೊಂದಾಗಿ ಬಂತು. ಕೆಲವು ವರ್ಷಗಳಾದ ಮೇಲೆ ಉಳಿದದ್ದು ಏರ್ ರಿವರ್ಸ್. ಅಲೆಯ ತುದಿಯವರೆಗೆ ಜೋರಾಗಿ ಏರಿ, ಬೋರ್ಡಿನ ಸಮೇತ ಗಾಳಿಗೆ ಹಾರಿ, ಗಾಳಿಯಲ್ಲೇ ತಿರುಗಿ, ಬಾಲ ಮುಂದಾಗಿ ನೀರಿಗಿಳಿದು, ಸರ್ರನೆ ಹೊರಳಿ ಮತ್ತೆ ಸರಿಯಾಗುವ ಆಟ. ಕೇರಳದಿಂದ ಬಂದ ಹುಡುಗಿಯೊಬ್ಬಳು ಅದನ್ನು ಮಾಡಿದ ದಿನದಿಂದ ದಂಡೆಯಲ್ಲಿ ಅವಳನ್ನು ಎಲ್ಲಿಯವಳೆಂದು ಯಾರೂ ಕೇಳಲಿಲ್ಲ; ಹೆಸರು ಹಿಡಿದೇ ಕರೆಯತೊಡಗಿದರು. ನನಗೆ ಅದು ಬೇಕಾಗಿತ್ತು. ಈ ಊರು ನನ್ನನ್ನು ಒಮ್ಮೆಯಾದರೂ ಸುಧಾ ಎಂದು ಕರೆಯಬೇಕಾಗಿತ್ತು.

ಆದರೆ ಗಾಳಿಗೆ ಹೋದ ಕೂಡಲೇ ನನ್ನ ಮೈ ಬಾವಿಯ ಮೈಯಾಗುತ್ತಿತ್ತು. ಕಾಲೆರಡೂ ಜೋಡಿಯಾಗುತ್ತಿದ್ದವು, ಮೊಣಕಾಲು ಎದೆಗೆ ಬರುತ್ತಿತ್ತು, ಬೋರ್ಡು ತನ್ನ ಪಾಡಿಗೆ ಬೇರೆ ದಿಕ್ಕಿಗೆ ಹೋಗುತ್ತಿತ್ತು.

"ಬೋರ್ಡು ಬಿಟ್ಟು ನೀವೊಬ್ರೇ ಮೇಲೆ ಹೋಗಿ ಎಂತ ಮಾಡುದು ಟೀಚರ್?" ಎಂದು ಲೋಕೇಶಣ್ಣ ನಗುತ್ತಿದ್ದರು.

ಮರಳಿನ ಮೇಲೆ ಕಾಲಗಲಿಸಿ ಹಾರಿ ಹಾರಿ, ಮಕ್ಕಳಿಂದ ಕಪ್ಪೆ ಟೀಚರ್ ಅನ್ನಿಸಿಕೊಂಡು, ಕಾಲಿನ ಚಾಳಿ ಬಿಡಿಸಿಕೊಂಡೆ. ಕಣ್ಣಿನ ಚಾಳಿ ಬಿಡಲಿಲ್ಲ. ನಾನು ಹಾರಿದ ಜಾಗವನ್ನೇ ನೋಡುತ್ತಿದ್ದೆ. ಬಾವಿಯ ನೀರು ಹಾರಿದವರಿಗಾಗಿ ಅಲ್ಲೇ ಕಾಯುತ್ತದೆ. ಅಲೆ ಅಷ್ಟರಲ್ಲಿ ದಂಡೆಯ ಕಡೆ ಹೋಗಿಬಿಟ್ಟಿರುತ್ತದೆ. "ತಲೆ ತಿರುಗಿಸಿ, ಹೆಗಲ ಮೇಲಿಂದ ದಂಡೆ ನೋಡಿ, ಮೈ ತಾನೇ ಬರ್ತದೆ," ಎಂದು ಅವರು ಎಷ್ಟು ಸಲ ಹೇಳಿದರೂ ನೀರಿನಿಂದ ಕಣ್ಣು ತೆಗೆಯಲು ನನಗೆ ಧೈರ್ಯವಾಗಲಿಲ್ಲ. ಸತ್ತ ಮೀನಿನಂತೆ ಬೆನ್ನಡಿಯಾಗಿ ಬೀಳುತ್ತಿದ್ದೆ.

ಹೀಗಿರುವಾಗ ಒಂದು ಮುಂಜಾನೆ ಲೋಕೇಶಣ್ಣ ಬೋರ್ಡಿನ ಮೇಲೆ ಕೈಯಿಟ್ಟು ತಡೆದರು.

"ಇವತ್ತು ಬೇಡ ಟೀಚರ್. ಬೋಟಿನವರು ಕೇಳ್ತಾ ಇದ್ದಾರೆ. ನೀವು ದಿನಾ ಕಡಲಿಗೆ ಕಲ್ಲು ಬಿಸಾಡ್ತೀರಂತೆ. ಬಲೆಗೆ ಮೀನು ಬೇರೆ ಬೀಳ್ತಾ ಇಲ್ಲ. ಅದು ನಿಲ್ಲಿಸುವವರೆಗೆ ನೀರಿಗಿಳಿಯುದು ಬೇಡ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ನನ್ನ ಕೈ ಜೇಬಿನ ಕಲ್ಲಿಗೆ ಹೋಯಿತು. ಆಮೇಲೆ ಸಿಟ್ಟು ಬಂತು. ಇದು ನೆವ, ನನ್ನನ್ನು ದಂಡೆಯಿಂದಲೂ ಮನೆಯಿಂದಲೂ ಎಬ್ಬಿಸುವ ಹಂಚಿಕೆ ಎಂದೇ ಅನ್ನಿಸಿತು. "ಮೀನ ಬೀಳದಿದ್ದರ ನಾ ಏನ್ ಮಾಡ್ಲಿರಿ? ಇಷ್ಟ್ ದೊಡ್ಡ ಕಡಲಿಗೆ ನನ್ನ ಒಂದ್ ಹಳ್ಳು ಬಡೀತೇನ್ರಿ?" ಎಂದು ಬಿರುಸಾಗಿ ಅಂದು ಕೋಣೆಗೆ ಬಂದು ಕದ ಹಾಕಿಕೊಂಡೆ. ಕಲ್ಲಿಲ್ಲದೆ ನೀರಿಗೆ ಹಾರುವುದು ನನ್ನಿಂದ ಆಗದ ಕೆಲಸ. ಹಾರದಿದ್ದರೆ ನಾನು ಕೊನೆವರೆಗೂ ಗಟ್ಟದಾಕುಲು.

ಮಧ್ಯಾಹ್ನ ಜಲಜಕ್ಕ ಮೆಟ್ಟಿಲು ಹತ್ತಿ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ಕೂತರು.

"ಸತ್ಯ ಹೇಳಿ ಟೀಚರ್. ಆ ಕಲ್ಲಲ್ಲಿ ಎಂತ ಉಂಟು?"

ಆಗ ತಿಳಿಯಿತು. ನಾನು ಅವರ ಬಟ್ಟಲನ್ನು ಕದಡಿ ನೋಡಿದ ಹಾಗೆಯೇ ಅವರು ಇಷ್ಟು ದಿನ ನನ್ನ ಕೈಯನ್ನು ನೋಡಿದ್ದರು. ಮಾಟವೋ ಮಂತ್ರವೋ ಎಂದು ಅವರಿಗೂ ನಿದ್ದೆ ಇರಲಿಲ್ಲ.

"ಏನೂ ಇಲ್ರಿ ಅಕ್ಕಾರ. ನಮ್ಮ ಕಡೆ ಬಾವ್ಯಾಗ ಹಾರೋ ಮುಂದ ಒಗೀತೇವ್ರಿ. ಹಾವಿದ್ರ ಸರೀತಾವ."

ಅವರು ನಗಲಿಲ್ಲ. "ನೀರಿಗೆ ಹೇಳಿ ಹೋಗುದು ಒಳ್ಳೆದೇ. ನಮ್ಮವರು ಮುಟ್ಟಿ ಹಣೆಗೆ ಇಡ್ತಾರೆ. ಆದ್ರೆ ಹೊಡೆದು ಹೇಳುದಾ?" ಎಂದು ಕೈ ಚಾಚಿದರು. "ನಾಳೆ ಕಲ್ಲು ನಂಗೆ ಕೊಡಿ. ನಾನು ದಂಡೆಯಲ್ಲಿ ಹಿಡ್ಕೊಂಡು ನಿಲ್ತೇನೆ."

ಮರುದಿನ ಕೊಟ್ಟೆ. ನೀರು ಮುಟ್ಟಿ ಹಣೆಗಿಟ್ಟುಕೊಂಡು ಇಳಿದೆ. ಬೋಟಿನವರು ಬಲೆಯ ಕೆಲಸ ಬಿಟ್ಟು ನೋಡುತ್ತಿದ್ದರು. ನನ್ನ ತಲೆಯಲ್ಲಿದ್ದದ್ದು ಒಂದೇ: ಈ ಹೆಂಗಸು ನನ್ನ ಕಲ್ಲನ್ನು ಏನು ಮಾಡುತ್ತಾಳೆ? ಯಾರಿಗೆ ತೋರಿಸುತ್ತಾಳೆ?

ಒಳ್ಳೆಯ ಅಲೆಯೊಂದು ಬಂತು. ಅಡ್ಡ ಓಡಿ, ಬುಡದಿಂದ ತಿರುಗಿ ಮೇಲೇರಿದೆ. ತುದಿಯಲ್ಲಿ ಬೋರ್ಡು ನೀರು ಬಿಟ್ಟಿತು. ಗಾಳಿಯಲ್ಲಿದ್ದಾಗ, ನಿಜ ಹೇಳುತ್ತೇನೆ, ನಾನು ಲೋಕೇಶಣ್ಣನ ಪಾಠವನ್ನು ನೆನೆಯಲಿಲ್ಲ. ಕಲ್ಲು ಜಲಜಕ್ಕನ ಕೈಯಲ್ಲೇ ಇದೆಯೋ ಇಲ್ಲವೋ ಎಂದು ಹೆಗಲ ಮೇಲಿಂದ ದಂಡೆಯ ಕಡೆ ತಿರುಗಿ ನೋಡಿದೆ. ಇತ್ತು. ಎರಡೂ ಕೈಯಲ್ಲಿ ಎದೆಗವುಚಿ ಹಿಡಿದಿದ್ದರು. ಅಷ್ಟರಲ್ಲಿ ಮೈ ತಲೆಯ ಹಿಂದೆ ತಿರುಗಿತ್ತು, ಕಾಲ ಕೆಳಗೆ ಬೋರ್ಡಿತ್ತು, ಬೋರ್ಡಿನ ಕೆಳಗೆ ಅಲೆಯಿತ್ತು. ಹಿಂದುಮುಂದಾಗಿ ಜಾರಿ, ಹೊರಳಿ, ನಿಂತೇ ಇದ್ದೆ.

"ಸುಧಾ!" ಎಂದು ಲೋಕೇಶಣ್ಣ ಕೂಗಿದರು. ಬೋಟಿನವರೂ ಕೂಗಿದರು. ನನಗೆ ಅಳು ಬಂತು. ಉಪ್ಪುನೀರಿನಲ್ಲಿ ಯಾರಿಗೂ ಕಾಣಲಿಲ್ಲ. ಮರುದಿನ ಮೀನು ಬಿತ್ತಂತೆ. ಅದಕ್ಕೂ ನನಗೂ ಸಂಬಂಧವಿಲ್ಲ ಎಂದು ನಾನು ಹೇಳಿದರೆ ಈಗ ಯಾರೂ ನಂಬುವುದಿಲ್ಲ. ಕಲ್ಲು ಜಲಜಕ್ಕನ ಅಡುಗೆಮನೆಯ ಕಿಟಕಿಯಲ್ಲಿದೆ. ಯಾಕೆ ಇಟ್ಟುಕೊಂಡಿದ್ದಾರೆ ಎಂಬ ಅನುಮಾನ ನನಗೆ ಇನ್ನೂ ಹೋಗಿಲ್ಲ.

ಬೇಸಿಗೆ ಸೂಟಿಗೆ ಊರಿಗೆ ಬಂದೆ. ಮನೆ ಹೊಕ್ಕ ಕೂಡಲೇ ಕಾಕಾ, "ಕರಾವಳಿಯಾಕಿ ಬಂದ್ಳು ನೋಡ್ರಿ," ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಲ್ಲಿ ಹೆಸರು ಸಿಗುವ ಹೊತ್ತಿಗೆ ಇಲ್ಲಿ ಹೆಸರು ಹೋಗಿತ್ತು.

ಸಂಜೆ ಹೊಲದ ಬಾವಿಗೆ ಹೋದೆವು. ಕಟ್ಟೆಯ ಮೇಲೆ ನಿಂತವಳು ಬಗ್ಗಿ, ಪಕ್ಕದಲ್ಲಿ ಸೇದಿಟ್ಟಿದ್ದ ಕೊಡದ ನೀರು ಮುಟ್ಟಿ ಹಣೆಗಿಟ್ಟುಕೊಂಡು ಹಾರಿಬಿಟ್ಟೆ. ಕಲ್ಲು ಒಗೆದಿರಲಿಲ್ಲ. ಮೇಲೆದ್ದು ಉಸಿರು ತೆಗೆದುಕೊಂಡಾಗ ಕಾಕಾ ಕಟ್ಟೆಯ ಮೇಲೆ ಬಿಳಚಿಕೊಂಡು ನಿಂತಿದ್ದರು.

"ಯಾರ್ನ ನಂಬಿ ಹಾರಿದಿ?" ಎಂದರು.

ಜಲಜಕ್ಕನನ್ನು ಎನ್ನಲೇ? ಅವರನ್ನು ನಾನು ಪೂರ್ತಿ ನಂಬಿದವಳಲ್ಲ. ಕಾಕಾ, ನಿಮ್ಮನ್ನು ಎನ್ನೋಣವೆಂದರೆ ಅವರು ಕಲಿಸಿದ ಕಲ್ಲನ್ನೇ ಒಗೆದಿರಲಿಲ್ಲ. ಮೆಟ್ಟಿಲು ಹತ್ತಿ ಬಂದು ಅವರ ಪಕ್ಕದಲ್ಲಿ ನಿಂತೆ. ಅವರು ಒಂದು ಕಲ್ಲು ಆರಿಸಿ ನನ್ನ ಅಂಗೈಯಲ್ಲಿಟ್ಟರು. ಅವರ ಸಮಾಧಾನಕ್ಕೆ ಒಗೆದೆ. ನೀರು ಉಂಗುರ ಉಂಗುರವಾಗಿ ಸರಿಯಿತು. ಕಾಕಾ ತಲೆಯಾಡಿಸಿದರು, ನಾನು ಹಾರಿದೆ.

ಕಾಲೆರಡೂ ಅಗಲವಾಗಿಯೇ ಇದ್ದವು. ಕಣ್ಣು ಕಲ್ಲು ಬಿದ್ದಲ್ಲಿ ಇರಲಿಲ್ಲ. ಹೆಗಲ ಮೇಲಿಂದ ತಿರುಗಿ, ಕಾಕಾ ಇನ್ನೂ ನಿಂತಿದ್ದಾರೋ ಇಲ್ಲವೋ ಎಂದು ಕಟ್ಟೆಯ ಕಡೆ ನೋಡುತ್ತಿತ್ತು.